ಕೊರಕಲು ಮುಚ್ಚೋ ಮುಂಚೆ ಹೊಲಕ್ಕೊಂದು ಪ್ಲಾನ್ ಮಾಡಿಸಿ

ಪ್ರಶ್ನೆ: ನಾವು ಹಾವೇರಿ ಕಡೆಯವರು. ಈಗ ಮಿನಿಯಾಪೊಲಿಸ್‌ನಲ್ಲಿ ಇದ್ದೇವೆ, ಇಬ್ಬರಿಗೂ ಗ್ರೀನ್ ಕಾರ್ಡ್ ಇದೆ. ಹೋದ ವರ್ಷ ವಿಸ್ಕಾನ್ಸಿನ್ ರಾಜ್ಯದ ವರ್ನನ್ ಕೌಂಟಿಯಲ್ಲಿ 70 ಎಕರೆ ಜಮೀನು ತಗೊಂಡೆವು. 45 ಎಕರೆ ಉಳುವ ಹೊಲ, ಉಳಿದದ್ದು ಗುಡ್ಡದ ಕಾಡು. ಹೊಲವನ್ನು ಪಕ್ಕದ ರೈತರಿಗೆ ಗೇಣಿಗೆ ಕೊಟ್ಟಿದ್ದೇವೆ. ಅವರು ಒಂದು ವರ್ಷ ಗೋವಿನಜೋಳ, ಒಂದು ವರ್ಷ ಸೋಯಾ ಹಾಕುತ್ತಾರೆ. ಹೊಲದ ನಡುವೆ ಒಂದು ಕೊರಕಲು ಬಿದ್ದಿದೆ, ಮಳೆ ಬಂದಾಗೆಲ್ಲ ದೊಡ್ಡದಾಗುತ್ತಿದೆ. ಊರಿಂದ ಬಂದಿದ್ದ ನಮ್ಮ ಅಪ್ಪ ನೋಡಿ "ಅಡ್ಡ ಬದು ಹಾಕಸ್ರಿ" ಅಂದರು. ಬುಲ್ಡೋಜರ್‌ನವರು ಬರೋಕೆ ರೆಡಿ ಇದ್ದಾರೆ. ಸರ್ಕಾರ ಮುಕ್ಕಾಲು ಖರ್ಚು ಕೊಡುತ್ತದೆ ಅಂತ ಗೆಳೆಯರು ಹೇಳಿದರು. ನಿಜವಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಬುಲ್ಡೋಜರ್‌ನವರಿಗೆ ಇವತ್ತೇ ಫೋನ್ ಮಾಡಿ, ಸ್ವಲ್ಪ ದಿನ ಬರಬೇಡಿ ಅಂತ ಹೇಳಿ. ಮೊದಲ ಕೆಲಸ ಇದೇ.

ಸಹಾಯಧನ ಇರುವುದು ನಿಜ. ಆದರೆ ಕರಾರಿಗೆ ಎರಡೂ ಕಡೆಯವರ ಸಹಿ ಬೀಳುವ ಮುಂಚೆ ಮಣ್ಣಿಗೆ ಕೈ ಹಾಕಿದರೆ, ಆ ಕೆಲಸಕ್ಕೆ ಒಂದು ಡಾಲರೂ ಸಿಗುವುದಿಲ್ಲ. ಮುಂಚೆಯೇ ಶುರು ಮಾಡಲೇಬೇಕಾದರೆ ಬರವಣಿಗೆಯಲ್ಲಿ ವಿನಾಯಿತಿ ಪಡೆಯಬೇಕು. ಬಾಯಿಮಾತು ನಡೆಯಲ್ಲ. ಹೀಗೆ ದುಡ್ಡು ಕಳೆದುಕೊಂಡ ಒಂದು ಕುಟುಂಬವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅರ್ಜಿ ಕೊಟ್ಟಾಗಿತ್ತು, ಹೊಲ ನೋಡಲು ಬಂದವರು "ಒಳ್ಳೆ ಕೆಲಸ, ಆಗುತ್ತೆ" ಅಂದಿದ್ದರು. ಆ ಒಂದು ಮಾತು ನಂಬಿ ಅವರು ಕಾಲುವೆ ತೋಡಿಸಿಬಿಟ್ಟರು. ಪೂರ್ತಿ ಖರ್ಚು ಅವರ ಮೇಲೇ ಬಿತ್ತು. ಅವತ್ತಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ದುಡ್ಡು ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ಆದರೆ ನೀವು ಕೇಳಬೇಕಾದದ್ದು ಹೊಲಕ್ಕೆ ಒಂದು ಸಂರಕ್ಷಣಾ ಯೋಜನೆ. ಅಂದರೆ ನಿಮ್ಮ 70 ಎಕರೆಯ ನಕ್ಷೆ, ಎಲ್ಲಿ ಎಂಥ ಮಣ್ಣು, ಎಷ್ಟು ಇಳಿಜಾರು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಯಾವ ವರ್ಷ ಯಾವ ಕೆಲಸ ಮಾಡಬೇಕು ಅನ್ನುವುದೆಲ್ಲ ಇರುವ ಒಂದು ಕಡತ. ಅಮೆರಿಕದ ಕೃಷಿ ಇಲಾಖೆಯ ಎನ್‌ಆರ್‌ಸಿಎಸ್ ಅನ್ನುವ ವಿಭಾಗ ಇದನ್ನು ಉಚಿತವಾಗಿ ಮಾಡಿಕೊಡುತ್ತದೆ. ಮಾಡಿಸಿಕೊಂಡ ಮಾತ್ರಕ್ಕೆ ಏನನ್ನೂ ಮಾಡಲೇಬೇಕು ಅಂತಿಲ್ಲ. ಆದರೆ ಸಹಾಯಧನದ ಸಾಲಿನಲ್ಲಿ ನಿಮ್ಮ ಜಾಗ ಎಲ್ಲಿ ಅನ್ನುವುದು ಈ ಕಡತದ ಮೇಲೇ ನಿಲ್ಲುತ್ತದೆ.

ನಮ್ಮಲ್ಲಿ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇರುತ್ತದಲ್ವಾ, ಹಾಗೇ ಇಲ್ಲಿ ಕೃಷಿ ಇಲಾಖೆಯ ಸೇವಾ ಕೇಂದ್ರಗಳಿವೆ. ನಿಮ್ಮದು ವಿರೋಕ್ವಾ ಊರಿನಲ್ಲಿದೆ. ಒಂದೇ ಕಡೆ ಎರಡು ಕಚೇರಿ. ಎಫ್‌ಎಸ್‌ಎ ಅನ್ನುವುದು ಜಮೀನಿನ ದಾಖಲೆ ನೋಡಿಕೊಳ್ಳುತ್ತದೆ. ಎನ್‌ಆರ್‌ಸಿಎಸ್ ಹೊಲಕ್ಕೆ ಬರುತ್ತದೆ. ಇದರ ಜೊತೆ ಕೌಂಟಿಯದ್ದೇ ಆದ ಭೂಮಿ ಮತ್ತು ನೀರಿನ ಸಂರಕ್ಷಣಾ ಇಲಾಖೆ ಬೇರೆ ಇದೆ. ವಿಸ್ಕಾನ್ಸಿನ್‌ನ 72 ಕೌಂಟಿಗಳಲ್ಲೂ ಈ ಕೆಲಸಕ್ಕೆ ಜನ ಇದ್ದಾರೆ. ಆ ಕೌಂಟಿಯವರನ್ನು ಮರೆಯಬೇಡಿ. ಅವರು ಅಲ್ಲಿನವರೇ, ಪ್ರತಿ ಹಳ್ಳ ಗೊತ್ತಿರುತ್ತದೆ, ರಾಜ್ಯದ ದುಡ್ಡೂ ಅವರ ಮೂಲಕವೇ ಬರುತ್ತದೆ.

ನೀವು ಜಮೀನು ತಗೊಂಡ ಕೌಂಟಿ ಈ ವಿಷಯದಲ್ಲಿ ಸಾಮಾನ್ಯ ಜಾಗವಲ್ಲ. ವಿರೋಕ್ವಾದಿಂದ ಸ್ವಲ್ಪ ದೂರದಲ್ಲಿ ಕೂನ್ ವ್ಯಾಲಿ ಅಂತ ಊರಿದೆ. ಇಡೀ ಅಮೆರಿಕದಲ್ಲಿ ಜಲಾನಯನ ಮಟ್ಟದ ಮಣ್ಣಿನ ಸಂರಕ್ಷಣೆ ಮೊದಲು ಶುರುವಾದದ್ದು ಅಲ್ಲಿ, 1933ರಲ್ಲಿ. ಸುಮಾರು 92,000 ಎಕರೆಯ ಕಣಿವೆ. ಗುಡ್ಡದ ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ನೇರ ಸಾಲು ಹೊಡೆದು ಉತ್ತು, ಕಾಡಿನಲ್ಲಿ ದನ ಮೇಯಿಸಿ, ಮಣ್ಣೆಲ್ಲ ಹೊಳೆ ಸೇರಿತ್ತು. ಸರ್ಕಾರ ಬೀಜ, ಸುಣ್ಣ, ಬೇಲಿ ತಂತಿ ಕೊಟ್ಟಿತು, ಕೆಲಸವಿಲ್ಲದ ಹುಡುಗರ ಶಿಬಿರ ಹಾಕಿ ಆಳು ಕೊಟ್ಟಿತು. ರೈತರು ಐದು ವರ್ಷಕ್ಕೆ ಸಹಿ ಹಾಕಿದರು. ಒಬ್ಬರನ್ನು ನೋಡಿ ಒಬ್ಬರು ಅಂತ 400ಕ್ಕೂ ಹೆಚ್ಚು ರೈತರು ಸೇರಿದರು. ಗುಡ್ಡದ ಸೊಂಟಕ್ಕೆ ಸುತ್ತಿದ ಹಾಗೆ ಒಂದು ಪಟ್ಟಿ ಹುಲ್ಲು, ಒಂದು ಪಟ್ಟಿ ಗೋವಿನಜೋಳ ಅಂತ ಬೆಳೆಯೋದು ನಿಮಗೆ ರಸ್ತೆಯಿಂದಲೇ ಕಾಣಿಸುತ್ತದಲ್ಲ, ಅದು ಆಗಿನಿಂದ ಬಂದದ್ದು.

ಈ ಚಳವಳಿಯ ಹಿಂದೆ ಇದ್ದವರು ಹ್ಯೂ ಹ್ಯಾಮಂಡ್ ಬೆನೆಟ್ ಅನ್ನುವ ಮಣ್ಣಿನ ವಿಜ್ಞಾನಿ. 1935ರಲ್ಲಿ ಮಣ್ಣಿನ ಸಂರಕ್ಷಣೆಯ ಕಾನೂನು ಬಂದು, ಅವರೇ ಹೊಸ ಇಲಾಖೆಯ ಮುಖ್ಯಸ್ಥರಾದರು. ಅದೇ ಇಲಾಖೆಗೆ 1994ರಲ್ಲಿ ಎನ್‌ಆರ್‌ಸಿಎಸ್ ಅಂತ ಹೆಸರು ಬದಲಾಯಿತು. ವಾಷಿಂಗ್ಟನ್‌ನಿಂದ ನೇರವಾಗಿ ಬಂದು ರೈತನಿಗೆ ಹೀಗೆ ಮಾಡು ಅಂದರೆ ನಡೆಯಲ್ಲ ಅನ್ನುವುದು ಬೇಗ ಗೊತ್ತಾಯಿತು. 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಎಲ್ಲ ರಾಜ್ಯಗಳಿಗೂ ಒಂದು ಮಾದರಿ ಕಾನೂನು ಕಳಿಸಿದರು, ಊರಿನ ಜನರೇ ನಡೆಸುವ ಸಂರಕ್ಷಣಾ ಜಿಲ್ಲೆಗಳನ್ನು ಕಟ್ಟಿಕೊಳ್ಳಿ ಅಂತ. ಈಗ ದೇಶದಲ್ಲಿ ಸುಮಾರು 3,000 ಅಂಥ ಜಿಲ್ಲೆಗಳಿವೆ. ದುಡ್ಡು ಕೇಂದ್ರದ್ದಾದರೂ ಮಾತುಕತೆ ಕೌಂಟಿಯಲ್ಲೇ ನಡೆಯುವುದು ಈ ಕಾರಣಕ್ಕೆ.

ಈಗ ಹೊಲಕ್ಕೆ ಬನ್ನಿ. ಯೋಜನೆ ಮಾಡುವವರು ಬಂದಾಗ ನೀವು ಜೊತೆಯಲ್ಲಿ ಇರಲೇಬೇಕು. ಸಾಧ್ಯವಾದರೆ ಅವರು ಬರುವ ಮುಂಚೆ ಒಂದು ಸಲ ಮಳೆ ಬೀಳುವಾಗಲೇ, ಕೊಡೆ ಹಿಡಿದುಕೊಂಡು, ಕೊರಕಲಿನ ಗುಂಟ ಮೇಲಕ್ಕೆ ನಡೆದು ಹೋಗಿ. ಗುಡುಗು ಮಿಂಚು ಇದ್ದರೆ ಬೇಡ. ನೀರು ಹೊಲದೊಳಗೆ ಎಲ್ಲಿ ಇಳಿಯುತ್ತದೆ ಅಂತ ನೋಡಿ, ಫೋಟೋ ತೆಗೆಯಿರಿ. ರಸ್ತೆಯ ಮೋರಿಯಿಂದ ಬರುತ್ತಿರಬಹುದು, ಮೇಲಿನವರ ಹೊಲದಿಂದ ಬರುತ್ತಿರಬಹುದು. ಕೊರಕಲು ನಿಮ್ಮದಾದರೂ ನೀರು ನಿಮ್ಮದೇ ಆಗಿರಬೇಕಿಲ್ಲ. ಆ ಫೋಟೋ ಕಚೇರಿಯ ಮೇಜಿನ ಮೇಲೆ ತುಂಬಾ ಕೆಲಸ ಮಾಡುತ್ತದೆ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಿ. ಬೇಲಿ ಪಕ್ಕ, ಎಷ್ಟೋ ವರ್ಷದಿಂದ ನೇಗಿಲು ತಾಗದ ಹುಲ್ಲಿನ ಜಾಗದಿಂದ ಒಂದು ಹೆಂಟೆ ತಗೊಳ್ಳಿ. ಗೋವಿನಜೋಳದ ಸಾಲಿನಿಂದ ಅಷ್ಟೇ ದೊಡ್ಡದು ಇನ್ನೊಂದು. ಎರಡನ್ನೂ ಒಣಗಿಸಿ. ಎರಡು ಗಾಜಿನ ಜಾಡಿಯಲ್ಲಿ ನೀರು ತುಂಬಿ, ಬಾಯಿಗೆ ತಂತಿ ಜಾಲರಿ ಸಿಕ್ಕಿಸಿ, ಹೆಂಟೆ ನೀರಿನಲ್ಲಿ ಮುಳುಗುವ ಹಾಗೆ ಇಡಿ. ಸಾಮಾನ್ಯವಾಗಿ ಉತ್ತ ಹೊಲದ ಹೆಂಟೆ ಗುಳ್ಳೆ ಬಿಡುತ್ತಾ ಸ್ವಲ್ಪ ಹೊತ್ತಿಗೇ ಪುಡಿಯಾಗಿ ಕೆಳಗೆ ಸುರಿಯುತ್ತದೆ, ನೀರು ಕಾಫಿ ಬಣ್ಣಕ್ಕೆ ತಿರುಗುತ್ತದೆ. ಬೇಲಿ ಪಕ್ಕದ್ದು ಗಂಟೆ ಕಳೆದರೂ ಗಟ್ಟಿಯಾಗಿ ನಿಂತಿರುತ್ತದೆ. ಮಣ್ಣಿನ ಜಾತಿ ಒಂದೇ. ಒಂದರಲ್ಲಿ ಬೇರು, ಬೂಷ್ಟು, ಎರೆಹುಳ ಸೇರಿ ಅಂಟು ಕಟ್ಟಿವೆ, ಇನ್ನೊಂದರಲ್ಲಿ ಆ ಅಂಟು ಇಲ್ಲ. ಅಂಟಿಲ್ಲದ ಮಣ್ಣಿನ ಮೇಲೆ ಮಳೆ ಬಿದ್ದರೆ ಪುಡಿ ಸೇರಿಕೊಂಡು ಸಣ್ಣ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ನೀರು ಒಳಗಿಳಿಯದೆ ಮೇಲೇ ಓಡುತ್ತದೆ. ನಿಮ್ಮ ಕೊರಕಲು ಹುಟ್ಟುವುದು ಅಲ್ಲಿ, ಮೇಲಿನ ಆ 45 ಎಕರೆಯಲ್ಲಿ. ಬುಲ್ಡೋಜರ್ ಮುಚ್ಚುವುದು ಅದು ಕಣ್ಣಿಗೆ ಬಿದ್ದ ಜಾಗವನ್ನು ಮಾತ್ರ.

ಗೇಣಿ ಮಾಡುವ ರೈತರು ಏನು ಮಾಡುತ್ತಾರೆ ಅಂತ ಗಮನಿಸಿ. ಬಹಳ ಜನ ವಸಂತದಲ್ಲಿ ಬಿತ್ತುವ ಮುಂಚೆ ಕೊರಕಲಿನ ಮೇಲೆ ಡಿಸ್ಕ್ ಹೊಡೆದು, ಎರಡೂ ಬದಿಯ ಮಣ್ಣೆಳೆದು ಮುಚ್ಚುತ್ತಾರೆ. ನೋಡೋಕೆ ಹೊಲ ಸಮ ಆಯಿತು ಅನ್ನಿಸುತ್ತದೆ. ಆದರೆ ಆ ಸಡಿಲ ಮಣ್ಣನ್ನು ಜೂನ್ ತಿಂಗಳ ಮೊದಲ ಜೋರು ಮಳೆ ಎತ್ತಿಕೊಂಡು ಹೋಗುತ್ತದೆ. ಮುಂದಿನ ವರ್ಷ ಇನ್ನಷ್ಟು ಅಗಲದಿಂದ ಮಣ್ಣೆಳೆಯಬೇಕು. ಹೀಗೆ ಕೊರಕಲಿನ ಎರಡೂ ಕಡೆಯ ಒಳ್ಳೆ ಮಣ್ಣೆಲ್ಲ ವರ್ಷ ವರ್ಷ ಹೊಳೆಗೆ ಹೋಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಇಲಾಖೆಯವರು ಮಣ್ಣಿನ ಸವಕಳಿ ಲೆಕ್ಕ ಹಾಕುವಾಗ ಆಳವಾದ ಮಣ್ಣಿಗೆ ಎಕರೆಗೆ ವರ್ಷಕ್ಕೆ 5 ಟನ್ ತನಕ ತಡೆದುಕೊಳ್ಳಬಹುದಾದ ಮಿತಿ ಅಂತ ಇಟ್ಟುಕೊಂಡಿರುತ್ತಾರೆ. 5 ಟನ್ ಅಂದರೆ ಒಂದು ಮಿಲಿಮೀಟರಿಗಿಂತ ತೆಳುವಾದ ಪದರ, ಕಣ್ಣಿಗೆ ಕಾಣೋದೇ ಇಲ್ಲ. ಆದರೆ ಆ ಲೆಕ್ಕದ ಸೂತ್ರ ಹೊಲದ ಮೈಮೇಲಿನ ಸವಕಳಿ, ಸಣ್ಣ ಗೀರುಗಳನ್ನು ಮಾತ್ರ ಹಿಡಿಯುತ್ತದೆ. ಕೊರಕಲಲ್ಲಿ ಹೋದ ಮಣ್ಣು ಅದರಲ್ಲಿ ಬರುವುದಿಲ್ಲ. ಹಾಗಾಗಿ "ನಮ್ಮ ಹೊಲ ಮಿತಿಯೊಳಗೇ ಇದೆ" ಅಂತ ಕಾಗದ ತೋರಿಸಿದರೂ ಕೊರಕಲು ಬೆಳೆಯುತ್ತಲೇ ಇರಬಹುದು. ಹೊಲ ನೋಡಲು ಬಂದವರನ್ನು ಕೊರಕಲಿನ ಅಂಚಿಗೇ ಕರೆದುಕೊಂಡು ಹೋಗಿ ನಿಲ್ಲಿಸಿ, ಇದನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ ಅಂತ ಕೇಳಿ.

ನಿಮ್ಮ ಅಪ್ಪ ಹೇಳಿದ ಬದುವಿನ ಮಾತಿಗೆ ನನಗೆ ತುಂಬಾ ಗೌರವ ಇದೆ. ನಮ್ಮ ಬಯಲುಸೀಮೆಯಲ್ಲಿ ಸಮಪಾತಳಿ ಬದು ಹಾಕುವುದು ಬಿದ್ದ ಮಳೆಯನ್ನು ಹೊಲದಲ್ಲೇ ಹಿಡಿಯೋಕೆ. ವರ್ನನ್ ಕೌಂಟಿಯ ಕಷ್ಟ ಬೇರೆ. ಹಿಮನದಿಗಳು ಸವೆಸದೆ ಬಿಟ್ಟುಹೋದ ಸೀಮೆ ಅದು, ಅದಕ್ಕೇ ಅಷ್ಟು ಕಡಿದಾದ ಗುಡ್ಡ. ಮೇಲೆ ಗಾಳಿ ತಂದು ಹಾಸಿದ ನುಣುಪಾದ ಮಣ್ಣು, ಬೇಗ ಕರಗುತ್ತದೆ. ಮಾರ್ಚ್‌ನಲ್ಲಿ ಹಿಮ ಕರಗುವಾಗ ನೆಲ ಇನ್ನೂ ಹೆಪ್ಪುಗಟ್ಟಿರುತ್ತದೆ, ಒಂದು ಹನಿಯೂ ಇಂಗುವುದಿಲ್ಲ. ಅಂಥ ನೀರಿಗೆ ಕೊರಕಲಲ್ಲಿ ಅಡ್ಡ ಬದು ಹಾಕಿದರೆ ತುಂಬಿ, ಪಕ್ಕದಿಂದ ಒಡೆದುಕೊಂಡು ಹೊಸ ಕೊರಕಲು ಮಾಡುತ್ತದೆ. ಇಲ್ಲಿ ಹೆಚ್ಚಾಗಿ ಮಾಡುವುದು ಹುಲ್ಲಿನ ಕಾಲುವೆ. ಕೊರಕಲನ್ನು ಅಗಲವಾಗಿ, ತಟ್ಟೆಯ ಹಾಗೆ ಆಳವಿಲ್ಲದೆ ತೀಡಿ, ಹುಲ್ಲು ಬೆಳೆಸಿ, ನೀರು ಅದರ ಮೇಲೆ ಮೆಲ್ಲಗೆ ಇಳಿಯುವ ಹಾಗೆ ಮಾಡುತ್ತಾರೆ. ಹತ್ತು ವರ್ಷಕ್ಕೊಮ್ಮೆ ಬರುವಂಥ ದಿನಪೂರ್ತಿಯ ಮಳೆಯನ್ನಾದರೂ ತಾಳಿಕೊಳ್ಳಬೇಕು ಅಂತ ಲೆಕ್ಕ ಹಾಕಿ ವಿನ್ಯಾಸ ಮಾಡುತ್ತಾರೆ. ಕೆಲವು ಕಡೆ ಒಳಗೆ ಪೈಪು ಇಟ್ಟ ಬದುವೂ ಹಾಕುತ್ತಾರೆ, ಜಾಗ ನೋಡಿ ಎಂಜಿನಿಯರ್ ಹೇಳಬೇಕು.

ನೀರನ್ನು ಕೆಳಗೆ ಕಟ್ಟಿ ನಿಲ್ಲಿಸುತ್ತೇವೆ ಅಂತ ಮಾತ್ರ ನಂಬಿಕೊಂಡರೆ ಏನಾಗುತ್ತದೆ ಅನ್ನುವುದನ್ನು ಆ ಸೀಮೆಯವರು 2018ರ ಆಗಸ್ಟ್‌ನಲ್ಲಿ ಕಂಡರು. ಕೂನ್ ಕ್ರೀಕ್ ಮತ್ತು ಪಕ್ಕದ ವೆಸ್ಟ್ ಫೋರ್ಕ್ ಕಿಕಾಪೂ ಕಣಿವೆಗಳಲ್ಲಿ, ಪ್ರವಾಹ ತಡೆಯೋಕೆ ಅಂತ ಹಿಂದೆ ಕಟ್ಟಿದ್ದ ಐದು ಸಣ್ಣ ಅಣೆಕಟ್ಟುಗಳು ಒಂದೇ ರಾತ್ರಿ ಒಡೆದವು. ಆಮೇಲೆ ಕೂನ್ ಕ್ರೀಕಿನ ರೈತರು, ಊರವರು ತಾವೇ ಸೇರಿ ಜಲಾನಯನ ಮಂಡಳಿ ಕಟ್ಟಿಕೊಂಡಿದ್ದಾರೆ. ಮೇಲಿನ ಹೊಲಗಳಲ್ಲೇ ನೀರು ಇಂಗಿಸಬೇಕು ಅನ್ನುವುದು ಅಲ್ಲಿ ಈಗ ಜೋರಾಗಿ ನಡೆಯುತ್ತಿರುವ ಮಾತು.

ಹಾಗಾಗಿ ಕಾಲುವೆ ಅರ್ಧ ಕೆಲಸ. ಉಳಿದರ್ಧ ಗೇಣಿದಾರರ ಕೈಯಲ್ಲಿದೆ. ಉಳುಮೆ ಇಲ್ಲದ ಬಿತ್ತನೆ, ಸೋಯಾ ಕೊಯ್ಲಾದ ಮೇಲೆ ಚಳಿಗಾಲಕ್ಕೆ ರೈ ಅನ್ನುವ ಧಾನ್ಯ ಬಿತ್ತಿ ನೆಲಕ್ಕೆ ಹೊದಿಕೆ, ಸಾಧ್ಯವಾದರೆ ಬೆಳೆ ಸರದಿಯಲ್ಲಿ ಎರಡು ಮೂರು ವರ್ಷ ಹುಲ್ಲು ಅಥವಾ ಕುದುರೆ ಮೆಂತೆ. ಇದನ್ನೆಲ್ಲ ಮಾಡಬೇಕಾದವರು ಅವರು. ಆದರೆ ಮುಂದಿನ ವರ್ಷ ಹೊಲ ತನ್ನ ಕೈಯಲ್ಲಿ ಇರುತ್ತೋ ಇಲ್ಲವೋ ಗೊತ್ತಿಲ್ಲದ ಮನುಷ್ಯ ನಿಮ್ಮ ಮಣ್ಣಿಗೆ ಯಾಕೆ ದುಡ್ಡು ಹಾಕುತ್ತಾನೆ? ಅದು ಅವರ ತಪ್ಪಲ್ಲ. ವರ್ಷ ವರ್ಷದ ಗೇಣಿ ಬಿಟ್ಟು ಐದು ವರ್ಷಕ್ಕೆ ಬರವಣಿಗೆಯಲ್ಲಿ ಗೇಣಿ ಮಾಡಿಕೊಡಿ. ವಿಸ್ಕಾನ್ಸಿನ್‌ನಲ್ಲಿ ಕೃಷಿ ಗೇಣಿ 15 ವರ್ಷ ದಾಟಬಾರದು ಅಂತ ಸಂವಿಧಾನದಲ್ಲೇ ಇದೆ, ಅದರೊಳಗೆ ನಿಮಗೆ ಬೇಕಾದಷ್ಟು ಜಾಗ ಇದೆ. ಕಾಲುವೆಗೆ ಹೋದ ಜಾಗಕ್ಕೆ ಗೇಣಿ ಬಿಡಿ. ರೈ ಬೀಜದ ಖರ್ಚಲ್ಲಿ ಪಾಲು ತಗೊಳ್ಳಿ. ಹುಲ್ಲಿನ ಕಾಲುವೆಯ ಮೇಲೆ ಕಳೆನಾಶಕದ ಸ್ಪ್ರೇಯರ್ ಆಫ್ ಮಾಡಬೇಕು, ಅದನ್ನು ದಾರಿ ಮಾಡಿಕೊಂಡು ಟ್ರಾಕ್ಟರ್ ಓಡಿಸಬಾರದು ಅಂತ ಕರಾರಿನಲ್ಲಿ ಬರೆಯಿರಿ. ನಾನು ನೋಡಿದ ಹಾಳಾದ ಕಾಲುವೆಗಳಲ್ಲಿ ಹೆಚ್ಚಿನವು ಮಳೆಗೆ ಹಾಳಾದವಲ್ಲ, ಸ್ಪ್ರೇಯರ್‌ಗೆ ಹಾಳಾದವು.

ಇದರಲ್ಲಿ ನಿಮ್ಮ ಸ್ವಂತ ಹಿತವೂ ಇದೆ. ನಿಮ್ಮ ಇಳಿಜಾರಿನ ಹೊಲ ಬಹುಮಟ್ಟಿಗೆ "ಸುಲಭವಾಗಿ ಕೊಚ್ಚಿಹೋಗುವ ಭೂಮಿ" ಅಂತ ದಾಖಲಾಗಿರುತ್ತದೆ. 1985ರಿಂದ ಇರುವ ನಿಯಮದ ಪ್ರಕಾರ ಅಂಥ ಭೂಮಿಯಲ್ಲಿ ಒಪ್ಪಿದ ಯೋಜನೆ ಬಿಟ್ಟು ಬೆಳೆ ಮಾಡಿದರೆ ಕೃಷಿ ಇಲಾಖೆಯ ಸವಲತ್ತುಗಳು ನಿಂತುಹೋಗಬಹುದು. 2014ರಿಂದ ಬೆಳೆ ವಿಮೆಯ ಸಹಾಯಧನವೂ ಇದಕ್ಕೆ ಸೇರಿದೆ. ಅದು ಗೇಣಿದಾರರಿಗೂ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊಳ್ಳಿ.

ಈಗ ದುಡ್ಡಿನ ಮಾತು. ನಿಮ್ಮ ಗೆಳೆಯರು ಹೇಳಿದ್ದು ಎನ್‌ಆರ್‌ಸಿಎಸ್ ನಡೆಸುವ ಇಕ್ವಿಪ್ ಅನ್ನುವ ಕಾರ್ಯಕ್ರಮ. ಅದರಲ್ಲಿ ಖರ್ಚಿನ 75% ತನಕ ಕೊಡಬಹುದು ಅನ್ನುವುದು ಸರಿ. ಆದರೆ ಅದು ನಿಮ್ಮ ಬುಲ್ಡೋಜರ್ ಬಿಲ್ಲಿನ 75% ಅಲ್ಲ. ಪ್ರತಿ ಕೆಲಸಕ್ಕೂ ಇಷ್ಟು ಅಂತ ರಾಜ್ಯಕ್ಕೊಂದು ದರಪಟ್ಟಿ ಇರುತ್ತದೆ. ಬಿಲ್ಲು ಜಾಸ್ತಿ ಬಂದರೆ ಜಾಸ್ತಿಯದ್ದು ನಿಮ್ಮ ಜೇಬಿನಿಂದ. ಕೆಲಸ ಮುಗಿದು, ಅಳತೆ ಸರಿ ಇದೆ ಅಂತ ಅವರು ನೋಡಿದ ಮೇಲೆ ಹಣ ಬರುತ್ತದೆ. ಹೊಸ ರೈತರಿಗೆ, ಅಂದರೆ ಹತ್ತು ವರ್ಷದೊಳಗಿನವರಿಗೆ, ದರ 90% ತನಕ ಹೋಗಬಹುದು, ಅರ್ಧ ಹಣ ಮುಂಗಡವಾಗಿಯೂ ಸಿಗುತ್ತದೆ. ಆದರೆ ಅದಕ್ಕೆ ಬೇಸಾಯದಲ್ಲಿ ನೀವೇ ಗಣನೀಯವಾಗಿ ತೊಡಗಿರಬೇಕು. ಸುಮ್ನೆ ಗೇಣಿ ತಗೊಳ್ಳುವ ಮಾಲೀಕರಾಗಿ ಆ ಸಾಲಿಗೆ ಸೇರುವುದು ಕಷ್ಟ. ಗೇಣಿದಾರರೇ ಅರ್ಜಿ ಹಾಕಿ ನೀವು ಒಪ್ಪಿಗೆ ಸಹಿ ಹಾಕುವ ದಾರಿಯೂ ಇದೆ. ಅವರು ಚಿಕ್ಕ ವಯಸ್ಸಿನವರು, ಈಚೆಗೆ ಶುರು ಮಾಡಿದವರು ಆಗಿದ್ದರೆ ಅದೇ ಒಳ್ಳೆಯದು.

ಸಿಆರ್‌ಪಿ ಅಂತ ಇನ್ನೊಂದಿದೆ, ಎಫ್‌ಎಸ್‌ಎ ನಡೆಸುವುದು. ಹುಲ್ಲಿಗೆ ಬಿಟ್ಟ ಜಾಗಕ್ಕೆ 10ರಿಂದ 15 ವರ್ಷ ಬಾಡಿಗೆ ಕೊಡುತ್ತದೆ, ಹುಲ್ಲಿನ ಕಾಲುವೆಯೂ ಅದರಲ್ಲಿ ಬರುತ್ತದೆ. ಸಾಮಾನ್ಯವಾಗಿ ಜಮೀನು ನಿಮ್ಮ ಹೆಸರಿಗೆ ಬಂದು 12 ತಿಂಗಳಾಗಿರಬೇಕು. ನೋಂದಣಿ ಪತ್ರದ ತಾರೀಖು ನೋಡಿಕೊಳ್ಳಿ. ಒಂದೇ ಕೆಲಸಕ್ಕೆ ಕೇಂದ್ರದ ಎರಡು ಕಾರ್ಯಕ್ರಮದಿಂದ ದುಡ್ಡು ತಗೊಳ್ಳೋಕೆ ಆಗಲ್ಲ.

ಅರ್ಜಿ ವರ್ಷವಿಡೀ ತಗೊಳ್ಳುತ್ತಾರೆ, ಆದರೆ ಒಂದು ಕೊನೆಯ ದಿನದ ತನಕ ಬಂದವನ್ನೆಲ್ಲ ಒಟ್ಟಿಗೆ ಅಂಕ ಹಾಕಿ ಸಾಲು ಮಾಡುತ್ತಾರೆ. ಒಂದು ಕಾಲುವೆ ಮಾತ್ರ ಕೇಳಿದವರಿಗಿಂತ, ಕಾಲುವೆಯ ಜೊತೆ ಮೇಲಿನ ಹೊಲಕ್ಕೆ ಹೊದಿಕೆ ಬೆಳೆಯನ್ನೂ ಸೇರಿಸಿದವರಿಗೆ ಅಂಕ ಜಾಸ್ತಿ ಬೀಳುವ ಸಾಧ್ಯತೆ ಇದೆ. ಮೊದಲ ಸಲ ಸಿಗದಿದ್ದರೆ ಬೇಜಾರಾಗಬೇಡಿ, ಮುಂದಿನ ಸಾಲಿಗೆ ಇಡಿ ಅಂತ ಹೇಳಿ. 2022ರ ಕಾನೂನಿನಲ್ಲಿ ಸಂರಕ್ಷಣೆಗೆ ಅಂತ ಹೆಚ್ಚುವರಿಯಾಗಿ 1,950 ಕೋಟಿ ಡಾಲರ್ ಬಂದಿತ್ತು. 2025ರ ಶುರುವಿನಲ್ಲಿ ಆ ಹಣದ ಪಾವತಿಗಳು ತಡೆಹಿಡಿಯಲ್ಪಟ್ಟು, ಸಹಿ ಆದ ಕರಾರಿನ ಮೇಲೆ ಖರ್ಚು ಮಾಡಿದ ರೈತರು ಕಾಯಬೇಕಾಯಿತು. ಆ ಅನುಭವ ನೋಡಿದ ಮೇಲೆ ನನ್ನ ಸಲಹೆ ಇಷ್ಟು: ಹಣ ಕೆಲವು ತಿಂಗಳು ತಡವಾದರೂ ತಡೆದುಕೊಳ್ಳುವಷ್ಟು ಕೆಲಸವನ್ನೇ ಒಂದು ವರ್ಷಕ್ಕೆ ಹಿಡಿಯಿರಿ.

ಕಚೇರಿಗೆ ಹೋಗುವಾಗ ನೋಂದಣಿ ಪತ್ರ, ಗುರುತಿನ ಚೀಟಿ, ಗೇಣಿ ಕರಾರು ತಗೊಂಡು ಹೋಗಿ. ಮೊದಲು ಎಫ್‌ಎಸ್‌ಎಯಲ್ಲಿ ಜಮೀನಿನ ನಂಬರ್ (ಫಾರ್ಮ್ ನಂಬರ್) ನಿಮ್ಮ ಹೆಸರಿಗೆ ಮಾಡಿಸಿ. ಮೂರು ವರ್ಷದ ಸರಾಸರಿ ಆದಾಯ 9 ಲಕ್ಷ ಡಾಲರ್ ಮೀರಿಲ್ಲ ಅಂತ ಒಂದು ಫಾರಂ ತುಂಬಬೇಕು. ಬಂದ ಸಹಾಯಧನ ತೆರಿಗೆ ಲೆಕ್ಕಕ್ಕೆ ಬರುತ್ತದೆ, ಅದರಲ್ಲಿ ಸ್ವಲ್ಪ ಭಾಗ ಬಿಡಿಸಿಕೊಳ್ಳಲು ಅವಕಾಶ ಇದೆ. ಹೊಲದ ಲೆಕ್ಕ ಗೊತ್ತಿರುವ ತೆರಿಗೆಯವರನ್ನೇ ಕೇಳಿ.

ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು. ನಿಮಗೆ ಗ್ರೀನ್ ಕಾರ್ಡ್ ಇರುವುದರಿಂದ ತೊಂದರೆ ಇಲ್ಲ. ಆದರೆ ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ಕೃಷಿ ಭೂಮಿ ಕೊಂಡರೆ 90 ದಿನದೊಳಗೆ ಎಫ್‌ಎಸ್‌ಎಗೆ ವರದಿ ಮಾಡಬೇಕು. 1978ರ ಕಾನೂನು ಇದು. ಮಾಡದಿದ್ದರೆ ಭೂಮಿಯ ಬೆಲೆಯ 25% ತನಕ ದಂಡ ಬೀಳಬಹುದು. ನಮ್ಮ ಜನರಲ್ಲಿ ಬಹಳ ಮಂದಿಗೆ ಇದು ಗೊತ್ತೇ ಇಲ್ಲ.

ನಿಮ್ಮ ಕಾಲುವೆ ಈ ವರ್ಷ ಆಗಲಿಕ್ಕಿಲ್ಲ. ಯೋಜನೆ, ಅರ್ಜಿ, ವಿನ್ಯಾಸ, ಸಹಿ ಎಲ್ಲ ಸೇರಿ ಒಂದು ವರ್ಷ ಹಿಡಿಯುವುದು ಸಾಮಾನ್ಯ. ಆಗಸ್ಟ್ ಕೊನೆಯೊಳಗೆ ಹುಲ್ಲಿನ ಬೀಜ ಬಿದ್ದರೆ ಚಳಿಗೆ ಮುಂಚೆ ಬೇರು ಹಿಡಿಯುತ್ತದೆ, ಹಾಗಾಗಿ ಮುಂದಿನ ಬೇಸಿಗೆಗೆ ಲೆಕ್ಕ ಇಟ್ಟುಕೊಳ್ಳಿ. ಅಲ್ಲಿಯ ತನಕ ಕೊರಕಲಿನ ಮೇಲೆ ಡಿಸ್ಕ್ ಹೊಡೆಯಬೇಡಿ ಅಂತ ಗೇಣಿದಾರರನ್ನು ಕೇಳಿಕೊಳ್ಳಿ. ಈ ಸಲ ಸೋಯಾ ಕೊಯ್ದ ವಾರದಲ್ಲೇ ಕೊರಕಲಿನ ಮೇಲ್ಭಾಗದ ಹತ್ತು ಎಕರೆಗಾದರೂ ರೈ ಬಿತ್ತಿಸಿ. ಆದರೆ ಆ ಹತ್ತು ಎಕರೆಗೂ ಸಹಾಯಧನ ಕೇಳುವ ಯೋಚನೆ ಇದ್ದರೆ, ಬಿತ್ತುವ ಮುಂಚೆ ವಿರೋಕ್ವಾ ಕಚೇರಿಗೆ ಒಂದು ಫೋನ್ ಮಾಡಿ.